ಮೊದಲು ಗೇಟು, ಆಮೇಲೆ ಗಾಡಿ

ರಾಯಚೂರು ಪಟ್ಟಣಕ್ಕೆ ರೈಲು ಬಂದುದು ನಿನ್ನೆ ಮೊನ್ನೆಯ ಮಾತಲ್ಲ. ಮುಂಬಯಿಯ ಕಡೆಯಿಂದ ಹಳಿ ಹಾಸುತ್ತ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಪರಸ್ಪರ ಸಂಧಿಸಿದ್ದು ಆ ಪಟ್ಟಣದಲ್ಲಿಯೇ. ಆದರೆ ಅದೇ ಜಿಲ್ಲೆಯ ಪಶ್ಚಿಮಭಾಗದಲ್ಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಣ ಎರೆಭೂಮಿಯಲ್ಲಿ ಬಾಳುವ ನಮ್ಮ ಸಂತೆಕಲ್ಲೂರಿನವರಿಗೆ ರೈಲೆಂಬುದು ಆಮೇಲೆಯೂ ಒಂದೂವರೆ ಶತಮಾನದ ಕಾಲ ಬಸ್ಸು ಹತ್ತಿ ಹೋಗಿ ಕಾಣಬೇಕಾದ ವಸ್ತುವಾಗಿಯೇ ಉಳಿಯಿತು. ಗಿಣಿಗೇರಾದಿಂದ ಹೊರಟು ಗಂಗಾವತಿ, ಕಾರಟಗಿಗಳನ್ನು ದಾಟಿ ರಾಯಚೂರಿನತ್ತ ಸಾಗಬೇಕಾದ ಹೊಸ ಮಾರ್ಗದಲ್ಲಿ ಗಾಡಿ ಸಿಂಧನೂರನ್ನು ಮುಟ್ಟಿದ್ದು 2024ರ ಮಾರ್ಚ್ ತಿಂಗಳಲ್ಲಿ. ಗದಗ–ವಾಡಿ ಮಾರ್ಗದ ಗಾಡಿ ಕುಷ್ಟಗಿಗೆ ಬಂದುದು 2025ರ ಮೇ ತಿಂಗಳಲ್ಲಿ. ಇದೇ ಎರಡನೆಯ ಮಾರ್ಗವು ಮುಂದುವರಿದು ಲಿಂಗಸುಗೂರಿಗೂ ಬರತಕ್ಕದ್ದು. ಹೀಗೆ ನಮ್ಮ ಸೀಮೆಯ ಎರಡು ಪಾರ್ಶ್ವಗಳಿಂದಲೂ ರೈಲು ಸಮೀಪಿಸುತ್ತಿರುವ ಈ ಕಾಲದಲ್ಲಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಹೊಸದಾಗಿ ಹಾಕುವ ಮಾರ್ಗಗಳಲ್ಲಿ ರಸ್ತೆಯನ್ನು ಹಳಿಯ ಮಟ್ಟದಲ್ಲಿಯೇ ದಾಟಿಸದೆ, ಮೇಲ್ಸೇತುವೆಯಿಂದಲೋ ಕೆಳಸೇತುವೆಯಿಂದಲೋ ದಾಟಿಸುವುದು ರೈಲ್ವೆಯ ಈಗಿನ ನೀತಿ. ಆದುದರಿಂದ ನಮ್ಮ ಮಕ್ಕಳು ರೈಲನ್ನು ಮನೆಯ ಹತ್ತಿರವೇ ನೋಡುತ್ತ ಬೆಳೆದರೂ, ಗೇಟು ಬಿದ್ದ ಹೊತ್ತಿನಲ್ಲಿ ಎತ್ತಿನ ಬಂಡಿ, ಟ್ರ್ಯಾಕ್ಟರು, ಬಸ್ಸು, ಸೈಕಲ್ಲುಗಳ ನಡುವೆ ನಿಂತು ಗಾಡಿಗಾಗಿ ಕಾಯುವ ಅನುಭವ ಅವರಿಗೆ ಅಷ್ಟಾಗಿ ದೊರೆಯಲಾರದು.

ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಅಣ್ಣನ ಮಗನೂ ನಾನೂ ಕೂಡಿ ಕಟ್ಟಿರುವ ಮಾದರಿ ರೈಲುಮಾರ್ಗಕ್ಕೆ ಕೆಲಸ ಮಾಡುವ ಒಂದು ಲೆವೆಲ್ ಕ್ರಾಸಿಂಗ್ ಗೇಟನ್ನು ಕೂಡಿಸಬೇಕೆಂಬ ಸಂಕಲ್ಪ ಹುಟ್ಟಿದ್ದು ಈ ವಿಚಾರದಿಂದಲೇ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಅಂಡಾಕಾರವಾಗಿ ಹಾಸಿದ ಹಳಿ. ಒಂದು ಪಾರ್ಶ್ವದಲ್ಲಿ ಚಿಕ್ಕ ಸ್ಟೇಷನ್ನು, ಎದುರು ಪಾರ್ಶ್ವದಲ್ಲಿ ಹೊಲಗಳ ನಡುವೆ ಹಾದುಬರುವ ರಸ್ತೆ. ಆ ರಸ್ತೆ ಹಳಿಯನ್ನು ಕತ್ತರಿಸುವ ಎಡೆಯಲ್ಲಿ ಬೂಮುಗಳೆಂಬ ಎರಡು ಅಡ್ಡಕಂಬಗಳು ಇಳಿಯಬೇಕು, ಏರಬೇಕು. ಇಷ್ಟನ್ನೇ ಬಯಸುವವರಿಗೆ ಇದೊಂದು ಸಂಜೆಯ ಕೆಲಸ. ಆದರೆ ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕಾಗುತ್ತದೆ: ಗಾಡಿ ಬರುತ್ತಿದೆಯೆಂದು ಗೇಟು ಬೀಳುವುದೋ, ಗೇಟು ಬಿದ್ದಿದೆಯೆಂದು ಗಾಡಿ ಬರುವುದೋ? ಮೇಲ್ನೋಟಕ್ಕೆ ಮಾತಿನ ಚಮತ್ಕಾರವೆಂದು ತೋರುವ ಈ ಪ್ರಶ್ನೆಯಲ್ಲಿ ಎರಡು ಭಿನ್ನ ರೈಲ್ವೆ ಸಂಪ್ರದಾಯಗಳೇ ಅಡಗಿವೆ. ಅಂಗಡಿಯಲ್ಲಿ ದೊರೆಯುವ ವಿದೇಶೀ ಕಿಟ್ಟುಗಳು ಒಂದು ಸಂಪ್ರದಾಯಕ್ಕೆ ಸೇರಿದವು. ನಮ್ಮ ನಾಡಿನ ಗೇಟು ಇನ್ನೊಂದಕ್ಕೆ.

ಅಮೆರಿಕದ ಗೇಟನ್ನು ಮೊದಲು ನೋಡೋಣ. ಅದರ ಮೂಲಾಧಾರ 1872ರಲ್ಲಿ ವಿಲಿಯಂ ರಾಬಿನ್‌ಸನ್ನನು ರೂಪಿಸಿದ ಟ್ರ್ಯಾಕ್ ಸರ್ಕ್ಯೂಟು. ಎರಡು ಹಳಿಗಳಲ್ಲಿ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸಿ, ಕೊನೆಯಲ್ಲಿ ಒಂದು ರಿಲೇಯನ್ನು (ವಿದ್ಯುತ್ತಿನಿಂದ ಆಡುವ ಸ್ವಿಚ್ಚನ್ನು) ಎಚ್ಚರವಾಗಿ ಹಿಡಿದಿಟ್ಟಿರುತ್ತಾರೆ. ಗಾಡಿಯ ಚಕ್ರಗಳೂ ಅಚ್ಚುಗಳೂ ಎರಡು ಹಳಿಗಳನ್ನು ಒಂದುಗೂಡಿಸಿದ ಕ್ಷಣವೇ ವಿದ್ಯುತ್ತು ಅಡ್ಡದಾರಿ ಹಿಡಿದು, ರಿಲೇ ಕಳಚಿಬೀಳುತ್ತದೆ. ರಿಲೇ ಬಿದ್ದೊಡನೆ ಕೆಂಪು ದೀಪಗಳು ಒಂದಾದ ಮೇಲೊಂದು ಮಿನುಗತೊಡಗುತ್ತವೆ, ಗಂಟೆ ಬಾರಿಸುತ್ತದೆ, ಕನಿಷ್ಠ 3 ಸೆಕೆಂಡುಗಳ ಅನಂತರ ಬೂಮು ಇಳಿಯಲು ಆರಂಭಿಸುತ್ತದೆ. ಗಾಡಿ ಬರುವುದಕ್ಕೆ 5 ಸೆಕೆಂಡುಗಳ ಮೊದಲಾದರೂ ಅದು ಅಡ್ಡವಾಗಿ ನಿಂತಿರಬೇಕು. ಒಟ್ಟು ಎಚ್ಚರಿಕೆಯ ಅವಧಿ 20 ಸೆಕೆಂಡುಗಳಿಗೆ ಕಡಿಮೆ ಇರಕೂಡದು. ಇವು ಆ ದೇಶದ ನಿಯಮಗಳು. ಇಲ್ಲಿ ಗಾಡಿಯೇ ಯಜಮಾನ. ಗೇಟು ಅದರ ಮುಂದೆ ಓಡುವ ಕಟ್ಟಿಗೆಕಾರ. ವಿರಳವಾದ ಜನವಸತಿ, ವೇಗದ ಮೋಟಾರು ವಾಹನ, ಮೈಲಿಗಟ್ಟಲೆ ನೇರವಾದ ರಸ್ತೆ ಇರುವ ದೇಶದಲ್ಲಿ ಇದು ಯುಕ್ತವಾದ ಏರ್ಪಾಡೇ ಸರಿ.

ಆದರೆ ಮಂದಗತಿಯ ವಾಹನವೊಂದು ಹಳಿಯ ಮೇಲಿದ್ದಾಗ ಇಪ್ಪತ್ತು ಸೆಕೆಂಡುಗಳ ಅವಧಿ ಎಷ್ಟು ಅಲ್ಪವೆಂಬುದನ್ನು ಇಂಗ್ಲೆಂಡು ದುಬಾರಿ ಬೆಲೆ ತೆತ್ತು ಕಲಿಯಿತು. ಆ ದೇಶದ ಪ್ರಥಮ ಸ್ವಯಂಚಾಲಿತ ಅರ್ಧಬೂಮಿನ ಗೇಟು 1961ರಲ್ಲಿ ಸ್ಪಾತ್ ಎಂಬಲ್ಲಿ ಬಂದಿತು. ಅದೇ ಸ್ಟಾಫರ್ಡ್‌ಶೈರ್ ಪ್ರಾಂತದ ಹಿಕ್ಸನ್ ಎಂಬಲ್ಲಿ, 1968ರ ಜನವರಿ 6ರಂದು, 120 ಟನ್ನಿನ ಟ್ರಾನ್ಸ್‌ಫಾರ್ಮರನ್ನು ಹೊತ್ತ ಒಂದು ಭಾರೀ ವಾಹನವು ಗಂಟೆಗೆ ಎರಡು ಮೈಲಿಯ ನಡಿಗೆಯಲ್ಲಿ ಹಳಿ ದಾಟುತ್ತಿದ್ದಾಗ, ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಹೊರಟ ಎಕ್ಸ್‌ಪ್ರೆಸ್ ಗಾಡಿ ಅದಕ್ಕೆ ಬಡಿಯಿತು. ಹನ್ನೊಂದು ಜನ ಮಡಿದರು. ದೀಪ ಮಿನುಗಲು ಆರಂಭಿಸಿದ ಕ್ಷಣದಿಂದ ಗಾಡಿ ಬರುವವರೆಗೆ ಇದ್ದ ಅವಧಿ 24 ಸೆಕೆಂಡು. ಗೇಟಿನ ಯಂತ್ರ ನಿಯಮದಂತೆ ತನ್ನ ಕೆಲಸವನ್ನು ಮಾಡಿತ್ತು. ಹಳಿಯ ಮೇಲೆ ಏನಾದರೂ ಇದೆಯೇ ಎಂದು ನೋಡುವ ಕಣ್ಣು ಮಾತ್ರ ಅಲ್ಲಿರಲಿಲ್ಲ. ಇದ್ದಿದ್ದರೂ ಗಾಡಿಯನ್ನು ತಡೆಯುವ ಅಧಿಕಾರ ಆ ಗೇಟಿಗೆ ಇರಲಿಲ್ಲ.

ಈಗ ನಮ್ಮ ಸೀಮೆಯ ರಸ್ತೆಯನ್ನು ಕಲ್ಪಿಸಿಕೊಳ್ಳಿ. ಸುಗ್ಗಿಯ ಕಾಲದಲ್ಲಿ ಭತ್ತದ ಮೂಟೆಗಳನ್ನು ಬೆಟ್ಟದಂತೆ ಒಟ್ಟಿಕೊಂಡ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರುಗಳು. ಹತ್ತಿ ತುಂಬಿದ ಬಂಡಿ. ಮುಂದಿನದು ನಿಂತರೆ ಹಿಂದಿನದೆಲ್ಲ ನಿಲ್ಲುವ, ಮುಂದಿನದು ಹಾದರೆ ಹಿಂದಿನದೆಲ್ಲ ಹಾಯಲೇಬೇಕೆನ್ನುವ ಕುರಿಹಿಂಡು. ಇವುಗಳಲ್ಲಿ ಯಾವುದನ್ನೂ 20 ಸೆಕೆಂಡಿನಲ್ಲಿ ಹಳಿಯಿಂದ ತೆರವು ಮಾಡುವುದು ಅಶಕ್ಯ. ರೈಲ್ವೆಯವರು ಒಂದು ಗೇಟಿನ ಮೇಲೆ ಎಷ್ಟು ದಟ್ಟಣೆಯಿದೆಯೆಂದು ಅಳೆಯಲು ಗಾಡಿಗಳ ಸಂಖ್ಯೆಯನ್ನು ರಸ್ತೆವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ; ಆ ಗುಣಲಬ್ಧ ಒಂದು ಲಕ್ಷವನ್ನು ಮೀರಿದರೆ ಮೇಲ್ಸೇತುವೆಯ ವಿಚಾರ ಬರುತ್ತದೆ. ಈ ಲೆಕ್ಕದಲ್ಲಿ ಲಾರಿಗೂ ಒಂದು ಅಂಕ, ಎತ್ತಿನ ಬಂಡಿಗೂ ಒಂದು ಅಂಕ. ಎತ್ತುಗಳನ್ನು ಕಡೆಗಣಿಸದೆ ಪೂರ್ಣಾಂಕವನ್ನೇ ಕೊಟ್ಟ ಆ ನಿಯಮವನ್ನು ಓದಿದಾಗ ನನಗೆ ಅತ್ಯಂತ ಸಂತೋಷವಾಯಿತು. ಈ ದೇಶದ ರಸ್ತೆಯನ್ನು ಕಣ್ಣಾರೆ ಕಂಡವರು ಬರೆದ ನಿಯಮ ಅದು.

ಇಂಥ ರಸ್ತೆಗೆ ಹೊಂದುವಂತೆ ನಮ್ಮಲ್ಲಿ ಬೆಳೆದುಬಂದ ಪದ್ಧತಿಯಲ್ಲಿ ಕ್ರಮವೇ ತಲೆಕೆಳಗು. ಸ್ಟೇಷನ್ ಮಾಸ್ತರರು ಗಾಡಿಯನ್ನು ಬಿಡುವ ಮೊದಲು ಗೇಟಿಗೆ ಫೋನು ಮಾಡುತ್ತಾರೆ. ಗೇಟ್‌ಮನ್ ರಸ್ತೆಯ ಎರಡು ಕಡೆಗೂ ಕಣ್ಣು ಹಾಯಿಸಿ, ಹಳಿಯ ಮೇಲಿರುವವರನ್ನು ದಾಟಿಸಿ, ವಿಂಚನ್ನು ತಿರುಗಿಸಿ ಬೂಮುಗಳನ್ನು ಇಳಿಸುತ್ತಾನೆ. ಇಳಿಯುವಾಗ ಗಂಟೆಯ ಸದ್ದಾಗುತ್ತದೆ. ಬೂಮು ಬಿದ್ದು ಬೀಗವಾದ ಮೇಲೆಯೇ ಗೇಟಿನ ಸಿಗ್ನಲ್ಲನ್ನು ಗಾಡಿಗೆ ಬಿಟ್ಟುಕೊಡಲು ಸಾಧ್ಯ. ಬೀಗ ಬೀಳದ ಹೊರತು ಸಿಗ್ನಲ್ಲು ಅಲ್ಲಾಡದು, ಸಿಗ್ನಲ್ಲು ಬಿಟ್ಟ ಮೇಲೆ ಬೀಗ ತೆರೆಯದು. ಇದನ್ನೇ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಗೇಟು ತೆರೆದಿರುವಷ್ಟು ಹೊತ್ತು ಸಿಗ್ನಲ್ಲು ಕೆಂಪಾಗಿಯೇ ಇರುತ್ತದೆ. ಆ ಕಂಬದ ಮೇಲೆ ಹಳದಿ ಬಿಲ್ಲೆಯಲ್ಲಿ ಕಪ್ಪಾಗಿ ಬರೆದ ಇಂಗ್ಲಿಷಿನ 'ಜಿ' ಅಕ್ಷರ ಅದು ಗೇಟಿನ ಸಿಗ್ನಲ್ಲೆಂದು ಸಾರುತ್ತದೆ. ಕೆಂಪು ಕಂಡ ಚಾಲಕನು ಸೀಟಿ ಹೊಡೆದು, ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ನಿಂತು, ಆಮೇಲೆ ಜಾಗರೂಕನಾಗಿ ಗೇಟಿನವರೆಗೆ ಬಂದು, ಗೇಟ್‌ಮನ್ ಕೈಸನ್ನೆ ಮಾಡಿದರೆ ದಾಟಬೇಕು. ಎಂದರೆ, ಸಾವಿರಾರು ಟನ್ ತೂಕದ ಗಾಡಿಯು ಒಬ್ಬ ಮನುಷ್ಯನ ಅಪ್ಪಣೆಗಾಗಿ ಹೊಲದ ನಡುವೆ ಕಾದು ನಿಲ್ಲುತ್ತದೆ.

ಎಲ್ಲ ಗೇಟುಗಳೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಸಿಗ್ನಲ್ಲಿನೊಡನೆ ಬಂಧನವಿಲ್ಲದ ಗೇಟುಗಳಲ್ಲಿ ಸ್ಟೇಷನ್ ಮಾಸ್ತರರೂ ಗೇಟ್‌ಮನ್ನನೂ ಫೋನಿನಲ್ಲಿ ಪ್ರೈವೇಟ್ ನಂಬರುಗಳನ್ನು ವಿನಿಮಯ ಮಾಡಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಗೇಟು ಹಾಕಿದೆಯೆಂಬುದಕ್ಕೆ ಆ ಅಂಕವೇ ಸಾಕ್ಷಿ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಶಾಲೆಯ ವಾಹನಕ್ಕೆ ಗಾಡಿ ಬಡಿದು ಮಕ್ಕಳು ತೀರಿಕೊಂಡಾಗ, ಅಲ್ಲಿದ್ದುದು ಇಂಥ ಬಂಧನವಿಲ್ಲದ ಗೇಟೇ. ಅದಕ್ಕಿಂತ ಮೊದಲು, 2014ರ ಜುಲೈ 24ರಂದು, ತೆಲಂಗಾಣದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಶಾಲಾ ಬಸ್ಸೊಂದು ಗಾಡಿಗೆ ಸಿಕ್ಕಿದ ಸ್ಥಳದಲ್ಲಿ ಗೇಟೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ದಾಟುಗಳನ್ನೆಲ್ಲ 2019ರ ಜನವರಿಯ ಕೊನೆಗೆ ರೈಲ್ವೆ ಇಲ್ಲವಾಗಿಸಿದ್ದು ನಿಜಕ್ಕೂ ದೊಡ್ಡ ಕಾರ್ಯ. ಮಕ್ಕಳಿಗೆಂದು ಕಟ್ಟುವ ಮಾದರಿಯಲ್ಲಿ, ಸಿಗ್ನಲ್ಲಿನೊಡನೆ ಬಂಧನವಿರುವ ಗೇಟಿಗೂ ಇಲ್ಲದ ಗೇಟಿಗೂ ಇರುವ ವ್ಯತ್ಯಾಸ ಎದ್ದು ಕಾಣಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗಾಡಿ ಬಂದೊಡನೆ ಟಪ್ಪನೆ ಬೀಳುವ ಬೂಮು ಕಣ್ಣಿಗೆ ರಂಜನೆ ಕೊಡಬಹುದು. ಬೂಮು ಬೀಳದೆ ಹೋದರೆ ಗಾಡಿಯೇ ನಿಂತುಬಿಡುವ ಮಾದರಿಯು ಅದರ ಜೊತೆಗೆ ಜ್ಞಾನವನ್ನೂ ಕೊಡುತ್ತದೆ.

ಇನ್ನು ಪ್ರಮಾಣದ ವಿಚಾರ. ಜಗತ್ತಿನಲ್ಲಿ ಬಹುಪ್ರಚಾರದಲ್ಲಿರುವ ಎಚ್‌ಒ ಮಾದರಿಯಲ್ಲಿ ಎಲ್ಲವೂ ನೈಜದ 87ರಲ್ಲಿ ಒಂದು ಪಾಲು. ಹಳಿಗಳ ಅಂತರ 16.5 ಮಿ.ಮೀ. ಅದು ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್‌ಗೇಜು 1676 ಮಿ.ಮೀ. ಅಗಲದ್ದಾದ್ದರಿಂದ, ಅದೇ ಪ್ರಮಾಣದಲ್ಲಿ ಅದು 19 ಮಿ.ಮೀ.ಗಿಂತ ತುಸು ಹೆಚ್ಚಾಗಬೇಕಿತ್ತು. ಅಂಥ ಹಳಿಯನ್ನು ಕೈಯಿಂದಲೇ ಮಾಡಬೇಕಾಗುವುದರಿಂದ ಭಾರತದ ಹವ್ಯಾಸಿಗಳಲ್ಲಿ ಅನೇಕರು 16.5ರ ಹಳಿಯ ಮೇಲೆಯೇ ನಮ್ಮ ಎಂಜಿನ್ನುಗಳನ್ನು ಓಡಿಸಿ ತೃಪ್ತರಾಗುತ್ತಾರೆ; ನಾವೂ ಹಾಗೆಯೇ ಮಾಡಿದ್ದೇವೆ. ನಮ್ಮ ಹಳೆಯ ನೀಲಿ ಡಬ್ಬಿಯೊಂದು ಈ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರು. ಏಳು ಮೀಟರು ಅಗಲದ ರಸ್ತೆಗೆ ಅಡ್ಡಬೀಳುವ ಬೂಮು ಎಂಟು ಸೆಂಟಿಮೀಟರು. ಅದರ ಮೇಲಿನ ಹಳದಿ–ಕಪ್ಪು ಪಟ್ಟೆಗಳು ಒಂದೊಂದೂ ಮೂರೂವರೆ ಮಿಲಿಮೀಟರು. ಗೇಟ್‌ಮನ್ ಎರಡು ಸೆಂಟಿಮೀಟರಿಗಿಂತ ಎಳ್ಳಷ್ಟು ಕಡಿಮೆ. ಇವೆಲ್ಲವೂ ಹಲಗೆಯ ಮೇಲೆ ಸುಖವಾಗಿ ಕೂಡುತ್ತವೆ. ದೂರಗಳು ಮಾತ್ರ ಕೂಡುವುದಿಲ್ಲ. ಗೇಟಿಗೆ 600 ಮೀಟರು ಮೊದಲು, ಸೀಟಿ ಹೊಡೆಯಿರೆಂದು ಚಾಲಕನಿಗೆ ಹೇಳುವ 'ಡಬ್ಲ್ಯು/ಎಲ್' ಫಲಕ ನಿಂತಿರುತ್ತದೆ. 87ರಿಂದ ಭಾಗಿಸಿದರೂ ಅದು ಸುಮಾರು ಏಳು ಮೀಟರು, ಎಂದರೆ ನಮ್ಮ ಮಾಳಿಗೆಯ ಗೋಡೆಯನ್ನು ದಾಟಿ ಬೀದಿಗೆ ಹೋಗುವಷ್ಟು. ಆದಕಾರಣ ದೂರವನ್ನು ಸಂಕ್ಷೇಪಿಸಿ ಕಾಲವನ್ನು ಹಿಗ್ಗಿಸಬೇಕಾಗುತ್ತದೆ: ಫಲಕವನ್ನು ಒಂದು ಮೀಟರಿನಾಚೆ ನೆಟ್ಟು, ಗಾಡಿಯನ್ನು ಅತಿ ನಿಧಾನವಾಗಿ ಓಡಿಸಬೇಕು. ನಿಧಾನವಾಗಿ ಓಡುವ ಮಾದರಿಯ ಗಾಡಿಯೇ ನೋಡಲು ಚೆಂದ. ಇದನ್ನು ಒಪ್ಪದ ಬಾಲಕರು ಬಹಳ ಜನ ಇದ್ದಾರೆ.

ಪೂರ್ವಸೂರಿಗಳು ಈ ವಿಷಯದಲ್ಲಿ ಏನು ಮಾಡಿದ್ದಾರೆಂದು ನೋಡುವುದೂ ಉಚಿತ. ಆಟಿಕೆಯ ಗೇಟುಗಳ ಇತಿಹಾಸದಲ್ಲಿ ನನಗೆ ಪರಮಪ್ರಿಯವಾದದ್ದು ಅಮೆರಿಕದ ಲಯೊನೆಲ್ ಕಂಪನಿಯವರು 1935ರಲ್ಲಿ ಹೊರತಂದ ಸ್ವಯಂಚಾಲಿತ ಗೇಟ್‌ಮನ್. ಅದರಲ್ಲಿ ಗಾಡಿ ಸಮೀಪಿಸಿದೊಡನೆ ಪುಟ್ಟ ಗುಮಟಿಯ ಬಾಗಿಲು ತೆರೆದು, ಕೈಯಲ್ಲಿ ಕಂದೀಲು ಹಿಡಿದ ಕಾವಲುಗಾರನು ಹೊರಗೆ ಬರುತ್ತಾನೆ. ಗಾಡಿ ಹೋದ ಮೇಲೆ ಒಳಗೆ ಸರಿದು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಒಂದು ತಂತಿಸುರುಳಿ, ಅದು ಸೆಳೆಯುವ ಒಂದು ಕಬ್ಬಿಣದ ಕಡ್ಡಿ, ಇಷ್ಟೇ ಅದರ ಯಂತ್ರ. ಸ್ವಯಂಚಾಲನೆಯ ಬೀಡಾದ ಆ ದೇಶದ ಮಕ್ಕಳೂ ಗೇಟಿನ ಬಳಿ ಒಬ್ಬ ಮನುಷ್ಯನನ್ನು ಕಾಣಲು ಬಯಸಿದರೆಂಬುದು ಗಮನಾರ್ಹ. ನಮಗೆ ಸಮೀಪದಲ್ಲಿ, ರಾಯಚೂರಿನಿಂದ ಸೊಲ್ಲಾಪುರದ ಮಾರ್ಗವಾಗಿ ನೇರ ಗಾಡಿಯಲ್ಲಿಯೇ ತಲಪಬಹುದಾದ ಪುಣೆಯ ಕೋಥ್ರೂಡಿನಲ್ಲಿ, ಬಿ. ಎಸ್. ಜೋಶಿಯವರು ಸ್ಥಾಪಿಸಿದ ಕಿರುರೈಲುಗಳ ಸಂಗ್ರಹಾಲಯ 1998ರ ಏಪ್ರಿಲ್ 1ರಿಂದ ಸಾರ್ವಜನಿಕರಿಗೆ ತೆರೆದಿದೆ. ಒಬ್ಬ ಮನುಷ್ಯನ ಜೀವಮಾನದ ಆಸಕ್ತಿ ಒಂದು ನಗರದ ಆಸ್ತಿಯಾಗಬಲ್ಲದೆಂಬುದಕ್ಕೆ ಆ ಸ್ಥಳ ಸಾಕ್ಷಿಯಾಗಿದೆ. ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ಸಂಗ್ರಹಾಲಯವನ್ನೂ ಈ ಕೆಲಸಕ್ಕೆ ತೊಡಗುವವರು ಒಮ್ಮೆ ನೋಡಬೇಕು. ಅಲ್ಲಿರುವವು ನಿಜವಾದ ಎಂಜಿನ್ನುಗಳಾದುದರಿಂದ ಕಬ್ಬಿಣದ ಗಾತ್ರ, ಬಣ್ಣ, ತುಕ್ಕುಗಳ ಪರಿಚಯವಾಗುತ್ತದೆ.

ಗೇಟಿನ ನಿರ್ಮಾಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೂಮಿಗೆ ನಾವು ಬಳಸಿದ್ದು ನುಣುಪಾಗಿ ಹೆರೆದ ಬಿದಿರಿನ ಕಡ್ಡಿ. ಅದರ ಗಿಡ್ಡ ತುದಿಗೆ ಒಂದು ಸಣ್ಣ ನಟ್ಟನ್ನು ತೂಗಿಬಿಟ್ಟರೆ ಪ್ರತಿಭಾರವಾಗುತ್ತದೆ. ನಿಜವಾದ ಗೇಟಿನಲ್ಲಿಯೂ ಆ ಭಾರದ ಬಲದಿಂದಲೇ ಒಬ್ಬ ಮನುಷ್ಯ ಅಷ್ಟುದ್ದದ ಬೂಮನ್ನು ಎತ್ತಿ ಇಳಿಸಬಲ್ಲನು. ಬೂಮನ್ನು ತಿರುಗಿಸುವುದು ಹಲಗೆಯ ಅಡಿಯಲ್ಲಿ ಕೂಡಿಸಿದ ಸರ್ವೊ ಮೋಟಾರು. ಎಸ್‌ಜಿ90 ಎಂಬ ಹೆಸರಿನಲ್ಲಿ ಮಾರುವ ಇದರ ತೂಕ ಕೇವಲ 9 ಗ್ರಾಂ. ಸೆಕೆಂಡಿಗೆ ಐವತ್ತು ಬಾರಿ ಅದಕ್ಕೊಂದು ವಿದ್ಯುತ್ ಸ್ಪಂದನವನ್ನು ಕಳಿಸಬೇಕು. ಸ್ಪಂದನವು ಒಂದು ಮಿಲಿಸೆಕೆಂಡಿನದಾದರೆ ಒಂದು ಕಡೆಗೆ, ಎರಡು ಮಿಲಿಸೆಕೆಂಡಿನದಾದರೆ ಇನ್ನೊಂದು ಕಡೆಗೆ ಅದರ ತೋಳು ಹೊರಳುತ್ತದೆ. ತೋಳಿನಿಂದ ಬೂಮಿನವರೆಗೆ ಬಲವನ್ನು ಒಯ್ಯಲು ಸೈಕಲ್ಲಿನ ಬ್ರೇಕ್ ತಂತಿಯ ಒಂದೇ ಎಳೆ ಸಾಕು. ತೋಳಿನ ಅತ್ಯಂತ ಒಳಗಿನ ರಂಧ್ರಕ್ಕೆ ಅದನ್ನು ಸಿಕ್ಕಿಸಿದರೆ ಚಲನೆ ಮೃದುವಾಗುತ್ತದೆ. ಸ್ಪಂದನಗಳನ್ನು ಕಳಿಸುವ ಮೆದುಳು ಆರ್ಡುಯಿನೊ ಊನೊ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಆರಂಭವಾದ ಈ ಫಲಕಗಳ ವಂಶ ಇಂದು ನಮ್ಮ ತಾಲೂಕು ಕೇಂದ್ರಗಳ ಶಾಲೆಗಳಿಗೂ ಬಂದಿದೆ. ಬೂಮು ಎಂಟು ಸೆಕೆಂಡುಗಳಲ್ಲಿ ಇಳಿಯಬೇಕೆಂದರೆ 90 ಡಿಗ್ರಿಗಳ ಪಯಣದಲ್ಲಿ ಒಂದೊಂದು ಡಿಗ್ರಿಗೂ ಸುಮಾರು 90 ಮಿಲಿಸೆಕೆಂಡು ತಡೆಯಬೇಕೆಂದು ಅದಕ್ಕೆ ಆಜ್ಞೆ ಕೊಡಬೇಕು. ಸರ್ವೊಗಳಿಗೆ ಬೇರೆಯದೇ ಆದ 5 ವೋಲ್ಟಿನ ಮೂಲವಿರಲಿ. ಋಣ ತಂತಿಯನ್ನು ಮಾತ್ರ ಆರ್ಡುಯಿನೊದೊಡನೆ ಕೂಡಿಸಿ. ಹಾಗೆ ಮಾಡದಿದ್ದರೆ ಗಾಡಿ ಹೊರಡುವಾಗಲೆಲ್ಲ ಬೂಮು ಜ್ವರ ಬಂದವರಂತೆ ನಡುಗುತ್ತದೆ.

ಗಾಡಿಯ ಬರವನ್ನೂ ನಿರ್ಗಮನವನ್ನೂ ಅರಿಯುವ ಉಪಾಯದಲ್ಲಿ ನಮ್ಮ ಮನಸ್ಸು ಬಹುಕಾಲ ನೆಲೆಗೊಂಡಿತು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅವಗೆಂಪು ಕಿರಣದ ಸೆನ್ಸರು. ಕಿರಣಕ್ಕೆ ಗಾಡಿ ಅಡ್ಡಬಂದರೆ ಅದಕ್ಕೆ ತಿಳಿಯುತ್ತದೆ. ಆದರೆ ರಾಯಚೂರು ಸೀಮೆಯ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಲಗೆಯ ಮೇಲೆ ಬಿದ್ದರೆ ಆ ಸೆನ್ಸರು ಕುರುಡಾಗುತ್ತದೆ. ಎರಡು ಡಬ್ಬಿಗಳ ನಡುವಣ ಸಂದು ಬಂದಾಗ ಗಾಡಿ ಮುಗಿಯಿತೆಂದೇ ಭ್ರಮಿಸಿ, ಇನ್ನೂ ಮೂರು ಡಬ್ಬಿ ದಾಟಬೇಕಿರುವಾಗಲೇ ಬೂಮನ್ನು ಎತ್ತಿಬಿಡುತ್ತದೆ. ಕಿರಣವನ್ನು ಹಳಿಗೆ ಓರೆಯಾಗಿ ಹಾಯಿಸಿದರೆ ಈ ಎರಡನೆಯ ದೋಷ ಪರಿಹಾರವಾಗುತ್ತದೆ. ಆದಾಗ್ಯೂ ನಾವು ಬೇರೆ ಮಾರ್ಗವನ್ನೇ ಹಿಡಿದೆವು. ನಿಜವಾದ ಗಾಡಿಯ ಕೊನೆಯ ಡಬ್ಬಿಯ ಹಿಂಬದಿಯಲ್ಲಿ 'ಎಲ್‌ವಿ' ಎಂಬ ಅಕ್ಷರಗಳ ಫಲಕವನ್ನು ತೂಗುಹಾಕಿರುತ್ತಾರೆ, ದೊಡ್ಡದಾಗಿ 'ಎಕ್ಸ್' ಗುರುತನ್ನೂ ಬರೆದಿರುತ್ತಾರೆ, ರಾತ್ರಿ ಕೆಂಪು ದೀಪ ಮಿನುಗುತ್ತದೆ. ಅದನ್ನು ಕಂಡಾಗಲೇ ಗಾಡಿ ಪೂರ್ಣವಾಗಿ ಬಂದಿತೆಂದು ರೈಲ್ವೆಯವರು ಒಪ್ಪುವುದು. ನಡುದಾರಿಯಲ್ಲಿ ಕೊಂಡಿ ಕಳಚಿ ಕೆಲವು ಡಬ್ಬಿಗಳು ಹಿಂದೆ ಉಳಿದಿರಬಹುದೆಂಬ ಎಚ್ಚರಿಕೆ ಅದು.

ಆ ಫಲಕಕ್ಕೆ ಬದಲಾಗಿ ನಾವು ಇಟ್ಟುದು ಅಯಸ್ಕಾಂತದ ಬಿಲ್ಲೆಗಳನ್ನು. ಎಂಜಿನ್ನಿನ ಅಡಿಯಲ್ಲಿ ಎಡಗಡೆಗೆ ಒಂದು, ಕೊನೆಯ ಡಬ್ಬಿಯ ಅಡಿಯಲ್ಲಿ ಬಲಗಡೆಗೆ ಒಂದು. ಹಳಿಯ ನಡುವೆ, ಜಲ್ಲಿಯ ಅಡಿಯಲ್ಲಿ ಅವಿತಿಟ್ಟ ರೀಡ್ ಸ್ವಿಚ್ಚುಗಳು ಅಯಸ್ಕಾಂತ ಮೇಲೆ ಹಾದಾಗ ಕ್ಷಣಕಾಲ ಕೂಡಿಕೊಳ್ಳುತ್ತವೆ. ಗಾಜಿನ ನಳಿಗೆಯಲ್ಲಿ ಎರಡು ಎಲೆಗಳಿರುವ ಈ ಸ್ವಿಚ್ಚು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1936ರಲ್ಲಿ ಹುಟ್ಟಿದ್ದು. ಬಿಸಿಲು, ಧೂಳು ಯಾವುದೂ ಇದಕ್ಕೆ ತಾಗದು. ಗೇಟಿಗೆ ಮೊದಲು ಎಡಗಡೆಯ ಸ್ವಿಚ್ಚು ಎಂಜಿನ್ನನ್ನು ಗುರುತಿಸಿ ಸಿಗ್ನಲ್ಲನ್ನು ಮತ್ತೆ ಕೆಂಪಿಗೆ ತರುತ್ತದೆ. ಗೇಟಿನಾಚೆ ಬಲಗಡೆಯ ಸ್ವಿಚ್ಚು ಕೊನೆಯ ಡಬ್ಬಿಯನ್ನು ಗುರುತಿಸಿದ ಮೇಲೆಯೇ ಬೂಮು ಏರುತ್ತದೆ. ಅಣ್ಣನ ಮಗನು ಬೇಕೆಂದೇ ನಡುವಿನ ಕೊಂಡಿಯನ್ನು ಕಳಚಿ ಗಾಡಿಯನ್ನು ಬಿಟ್ಟನು. ಎಂಜಿನ್ನೂ ಎರಡು ಡಬ್ಬಿಗಳೂ ಗೇಟು ದಾಟಿ ಸ್ಟೇಷನ್ನಿಗೆ ಹೋಗಿ ನಿಂತವು. ಉಳಿದ ಡಬ್ಬಿಗಳು ಹೊಲದ ನಡುವೆ ನಿಂತವು. ಬೂಮು ಏಳಲಿಲ್ಲ, ಗಂಟೆ ನಿಲ್ಲಲಿಲ್ಲ. ನೋಡಲು ಬಂದಿದ್ದ ಓಣಿಯ ಹುಡುಗರಲ್ಲಿ ಒಬ್ಬನು, "ಯಾಕ್ರೀ ಸರ, ಗಾಡಿ ಹೋತಲ್ಲ, ಗೇಟ್ ತಗೀವಲ್ದು?" ಎಂದು ಕೇಳಿದನು. ಹಿಂದೆ ನಿಂತ ಡಬ್ಬಿಗಳನ್ನು ಇನ್ನೊಬ್ಬ ಹುಡುಗನೇ ಅವನಿಗೆ ತೋರಿಸಿದನು.

ಹಲಗೆಯ ಮೇಲಿನ ಭೂಮಿಯನ್ನು ಕುರಿತು ಎರಡು ಮಾತು. ಹೊಲಕ್ಕೆ ನಮ್ಮೂರ ಎರೆಮಣ್ಣನ್ನೇ ಜರಡಿ ಹಿಡಿದು ಅಂಟಿನ ಮೇಲೆ ಉದುರಿಸಿದೆವು. ಒಣಗಿದಾಗ ಅದು ಬೇಸಗೆಯ ಹೊಲದಂತೆಯೇ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಯಾವ ಬಣ್ಣದಿಂದಲೂ ತರಲಾಗದ ಸತ್ಯ ಅದು. ಆದರೆ ಈ ಮಣ್ಣಿನಲ್ಲಿ ಕಬ್ಬಿಣದ ಅಂಶದ ಸೂಕ್ಷ್ಮ ಕಣಗಳಿರುವುದರಿಂದ ಮೊದಲು ಅಯಸ್ಕಾಂತವನ್ನು ಅದರಲ್ಲಿ ನಾಲ್ಕಾರು ಸಲ ಆಡಿಸಿ ಅವನ್ನು ಬೇರ್ಪಡಿಸಬೇಕು. ಇಲ್ಲವಾದರೆ ಅವು ಎಂಜಿನ್ನಿನ ಮೋಟಾರಿಗೆ ಅಂಟಿಕೊಂಡು ಅದನ್ನು ಸವೆಸುತ್ತವೆ. ಘನಮಠದ ನಾಗಭೂಷಣ ಶಿವಯೋಗಿಗಳ ನೆಲೆಯಾಗಿ, ಅವರ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಗ್ರಂಥದಿಂದ ಹೆಸರಾದ ಈ ನಮ್ಮ ಊರಿನಲ್ಲಿ ಹೊಲವನ್ನು ಹಸಿರು ಕಾಗದದಿಂದ ತೋರಿಸುವುದು ನಮಗೆ ಸರಿಕಾಣಲಿಲ್ಲ. ರಸ್ತೆಯ ಪಕ್ಕಕ್ಕೆ ಜಾಲಿಗಿಡ, ಗೇಟಿನೆದುರು ನಿಂತ ಒಂದು ಬಂಡಿ, ಸುಣ್ಣ ಬಳಿದ ಗುಮಟಿ, ಗುಮಟಿಯ ಬಾಗಿಲಲ್ಲಿ ಮಣ್ಣಿನ ಹರವಿ. ಗೇಟ್‌ಮನ್ನನ ಕೈಯಲ್ಲಿ ಹಸಿರು ಮತ್ತು ಕೆಂಪು ಬಾವುಟಗಳು. ಅವನ ಮುಖ ಗಾಡಿಯ ಕಡೆಗೆ. ಏಕೆಂದರೆ ಹಾದುಹೋಗುವ ಗಾಡಿಯಲ್ಲಿ ಕಾದ ಅಚ್ಚು, ಜೋತುಬಿದ್ದ ಕಬ್ಬಿಣ, ಹೊಗೆ ಏನಾದರೂ ಇದೆಯೇ ಎಂದು ನೋಡುವುದು ಅವನ ಕರ್ತವ್ಯಗಳಲ್ಲೊಂದು. ಹಳಿಗೆ ಏನಾದರೂ ಅಡಚಣೆಯಾದರೆ ಅವನು ಬಾವುಟ ಹಿಡಿದು ಓಡಬೇಕು. ಬ್ರಾಡ್‌ಗೇಜಿನಲ್ಲಿ 600 ಮೀಟರಿಗೆ ಒಂದು ಪಟಾಕಿಯನ್ನೂ 1200 ಮೀಟರಿಗೆ ಹತ್ತತ್ತು ಮೀಟರು ಅಂತರದಲ್ಲಿ ಮೂರನ್ನೂ ಹಳಿಯ ಮೇಲೆ ಇಟ್ಟು ಬರುವ ಗಾಡಿಯನ್ನು ತಡೆಯಬೇಕು. ಅಷ್ಟು ದೂರ ಓಡಬೇಕಾದ ಮನುಷ್ಯನನ್ನು ಅನೇಕ ಮಾದರಿಗಳಲ್ಲಿ ಕುರ್ಚಿಯ ಮೇಲೆ ತೂಕಡಿಸುತ್ತ ಕೂಡಿಸುತ್ತಾರೆ. ನನಗೆ ಅದು ಅನ್ಯಾಯವೆಂದೇ ತೋರುತ್ತದೆ.

ಕೊನೆಗೆ ಉಳಿದದ್ದು ಈ ಎಲ್ಲ ಅಂಗಗಳನ್ನು ಒಂದರ ಅಧೀನದಲ್ಲಿ ಇನ್ನೊಂದನ್ನು ಇಡುವ ಕೆಲಸ. ಗೇಟಿನ ಪ್ರಾಣ ಇರುವುದು ಅಲ್ಲಿ. ಸಿಗ್ನಲ್ ಕಂಬದ ಹಿಂದೆ 40 ಸೆಂಟಿಮೀಟರು ಉದ್ದಕ್ಕೆ ಒಂದು ಹಳಿಯನ್ನು ಎರಡೂ ತುದಿಗಳಲ್ಲಿ ಕತ್ತರಿಸಿ, ಪ್ಲಾಸ್ಟಿಕ್ಕಿನ ಕೂಡಿಕೆ ಹಾಕಿ, ಆ ತುಂಡಿಗೆ ವಿದ್ಯುತ್ತು ಒಂದು ರಿಲೇಯ ಮೂಲಕವೇ ಬರುವಂತೆ ಮಾಡಿದೆವು. ರಿಲೇ ಎಚ್ಚತ್ತರೆ ವಿದ್ಯುತ್ತು ಬರುತ್ತದೆ. ಮಲಗಿದರೆ ಎಂಜಿನ್ನು ಆ ತುಂಡಿನ ಮೇಲೆ ಬಂದು ತಾನಾಗಿಯೇ ನಿಲ್ಲುತ್ತದೆ. ಎರಡು ಬೂಮುಗಳೂ ಪೂರ್ತಿ ಇಳಿದಾಗ ಒತ್ತಲ್ಪಡುವ ಎರಡು ಮೈಕ್ರೊಸ್ವಿಚ್ಚುಗಳನ್ನು ಆ ರಿಲೇಯ ಸುರುಳಿಯ ತಂತಿಯಲ್ಲಿಯೇ ಒಂದರ ಹಿಂದೊಂದು ಕೂಡಿಸಿದ್ದೇವೆ. ಆರ್ಡುಯಿನೊದ ಪ್ರೋಗ್ರಾಮಿನಲ್ಲಿ ಎಂಥ ದೋಷವಿದ್ದರೂ, ಯಾರಾದರೂ ಅದನ್ನು ಕೆಡಿಸಿ ಬರೆದರೂ, ಎರಡು ಬೂಮುಗಳು ಬೀಳದೆ ರಿಲೇ ಏಳುವಂತಿಲ್ಲ. ಸ್ಟೇಷನ್ನಿನ ಗುಂಡಿ ಒತ್ತಿದರೆ ಗೇಟಿನಲ್ಲಿ ಫೋನು ಗುಂಯ್‌ಗುಡುತ್ತದೆ; ಗೇಟಿನ ಬಳಿ ಕೂತ ಹುಡುಗ ತನ್ನ ಗುಂಡಿ ಒತ್ತಿ ಒಪ್ಪಿದರೆ ಗಂಟೆ ಬಾರಿಸಿ, ಐದು ಸೆಕೆಂಡಿನ ಮೇಲೆ ಬೂಮು ಇಳಿದು, ಸ್ವಿಚ್ಚುಗಳು ಕೂಡಿ, ಆಮೇಲೆ ಹಸಿರು ದೀಪ. ಇಬ್ಬರು ಮಕ್ಕಳು ಕೂಡಿ ಆಡಬೇಕಾದ ಆಟ ಇದು. ಒಬ್ಬನೇ ಕೂತು ಗಾಡಿ ಓಡಿಸಲು ಸಾಧ್ಯವಾಗದಂತೆ ಉದ್ದೇಶಪೂರ್ವಕವಾಗಿಯೇ ಕಟ್ಟಿದ್ದೇವೆ.

ಪರೀಕ್ಷೆ ಮಾಡಿದ ಬಗೆ ಹೀಗೆ. ತಂತಿಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲವೂ ಗಾಡಿ ಬಿಟ್ಟು ನೋಡಿದೆವು. ಸರ್ವೊದ ತಂತಿ ಕಿತ್ತಾಗ ಬೂಮು ಇಳಿಯಲಿಲ್ಲ, ಗಾಡಿ ನಿಂತಿತು. ಮೈಕ್ರೊಸ್ವಿಚ್ಚಿನ ತಂತಿ ಕಿತ್ತಾಗ ಬೂಮು ಇಳಿಯಿತು, ಆದರೂ ಗಾಡಿ ನಿಂತಿತು. ಬಲಗಡೆಯ ರೀಡ್ ಸ್ವಿಚ್ಚಿನ ತಂತಿ ಕಿತ್ತಾಗ ಗಾಡಿ ಹೋಯಿತು, ಗೇಟು ಮುಚ್ಚಿಯೇ ಉಳಿಯಿತು. ಬಂಡಿಯವನಿಗೆ ಕಷ್ಟವಾದರೂ ಅಪಾಯವಿಲ್ಲ. ಹಸಿರು ದೀಪದ ತಂತಿ ಕಿತ್ತಾಗ ಮಾತ್ರ ಸಿಗ್ನಲ್ಲು ಕತ್ತಲಾಗಿದ್ದರೂ ಗಾಡಿ ಹಾದುಹೋಯಿತು. ನಿಜವಾದ ರೈಲ್ವೆಯಲ್ಲಿ ದೀಪ ಹತ್ತಿದೆಯೆಂದು ಖಾತರಿಪಡಿಸುವ ಬೇರೆ ರಿಲೇ ಇರುತ್ತದೆ, ಕತ್ತಲಾದ ಸಿಗ್ನಲ್ಲನ್ನು ಚಾಲಕನು ಅದರ ಅತ್ಯಂತ ಕಟ್ಟುನಿಟ್ಟಿನ ಅರ್ಥದಲ್ಲಿಯೇ ಗ್ರಹಿಸಬೇಕೆಂಬ ನಿಯಮವೂ ಇದೆ. ಆದುದರಿಂದ ಹಸಿರು ದೀಪದ ಎಲ್‌ಇಡಿಯ ಸರಣಿಯಲ್ಲಿಯೇ ಪಿಸಿ817 ಎಂಬ ಆಪ್ಟೊಕಪ್ಲರನ್ನು ಕೂಡಿಸಿ, ದೀಪದಲ್ಲಿ ವಿದ್ಯುತ್ತು ನಿಜಕ್ಕೂ ಹರಿದಾಗಲೇ ರಿಲೇಗೆ ಆಜ್ಞೆ ಹೋಗುವಂತೆ ತಿದ್ದಿದೆವು. ಮತ್ತೆ ಆ ತಂತಿಯನ್ನು ಕಿತ್ತೆವು, ಗಾಡಿ ಕಂಬದ ಹಿಂದೆ ನಿಂತಿತು. ಎಡಗಡೆಯ ರೀಡ್ ಸ್ವಿಚ್ಚಿನ ತಂತಿ, ರಿಲೇಯ ತಂತಿ, ಫೋನಿನ ತಂತಿ ಎಲ್ಲವನ್ನೂ ಹೀಗೆಯೇ ಕಿತ್ತು ನೋಡಿ, ತಿದ್ದಬೇಕಾದುದನ್ನು ತಿದ್ದಿದ ಮೇಲೆ ಹಲಗೆಯ ಅಡಿಗೆ ಮುಚ್ಚಳ ಹಾಕಿ ತಿರುಪು ಬಿಗಿದೆವು.